ತಲೆ ಎಣಿಕೆಯಿಂದ ತಲೆವಾರು ಲೆಕ್ಕಕ್ಕೆ: ಷೇರುದಾರರ ಮುಂದೆ ಏರ್‌ಟೆಲ್

2002ರ ಜನವರಿ 28ರಂದು ಏರ್‌ಟೆಲ್ ಹೆಸರಿನ ಮೊಬೈಲ್ ಸೇವೆ ನಡೆಸುತ್ತಿದ್ದ ಭಾರ್ತಿ ಟೆಲಿ-ವೆಂಚರ್ಸ್ ಎಂಬ ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಲು ಬಂದಾಗ ಪೇಟೆಯ ಗಾಳಿ ಅದಕ್ಕೆ ಅನುಕೂಲವಾಗಿರಲಿಲ್ಲ. ಡಾಟ್‌ಕಾಂ ಗುಳ್ಳೆ ಒಡೆದಿತ್ತು. ಹಿಂದಿನ ವರ್ಷ ಕೇತನ್ ಪಾರೇಖ್ ಹಗರಣದಲ್ಲಿ ಕೈ ಸುಟ್ಟುಕೊಂಡವರು ಇನ್ನೂ ಚೇತರಿಸಿಕೊಂಡಿರಲಿಲ್ಲ. ಜಗತ್ತಿನ ಎಲ್ಲೆಡೆ ದೂರಸಂಪರ್ಕ ಕಂಪನಿ ಎಂದರೆ ಹೂಡಿಕೆದಾರರು ಮೂಗು ಮುರಿಯುತ್ತಿದ್ದರು. 10 ರೂಪಾಯಿ ಮುಖಬೆಲೆಯ ಸುಮಾರು 18.5 ಕೋಟಿ ಷೇರುಗಳು ತಲಾ 45 ರೂಪಾಯಿಗೆ ಹೋದವು. ಕಂಪನಿಗೆ ಸುಮಾರು 834 ಕೋಟಿ ರೂಪಾಯಿ ಬಂತು. ಕೊಳ್ಳುವವರು ಕೂಗಿದ ದರದ ಮೇಲೆಯೇ ಪೂರ್ತಿ ಬೆಲೆ ನಿಗದಿಯಾದ ದೇಶದ ಮೊದಲ ಷೇರು ನೀಡಿಕೆ ಅದು. ಫೆಬ್ರವರಿ 18ರಂದು ವಹಿವಾಟು ಶುರುವಾಯಿತು. ಅದೇ ವರ್ಷ ಬೆಲೆ 45ಕ್ಕಿಂತ ಕೆಳಗೆ ಇಳಿಯಿತು. ಕೊಂಡವರಿಗೆ ಮನೆಯಲ್ಲಿ ಏನೇನು ಕೇಳಬೇಕಾಗಿ ಬಂತೋ!

ಅಂದು ಭಾರ್ತಿ ಮಾರಿದ್ದು ಲಾಭವನ್ನಲ್ಲ, ಒಂದು ಎಣಿಕೆಯನ್ನು. ನೂರು ಕೋಟಿ ದಾಟಿದ ಜನಸಂಖ್ಯೆಯ ದೇಶದಲ್ಲಿ ಆಗ ಮೊಬೈಲ್ ಇದ್ದದ್ದು ಅರವತ್ತು ಲಕ್ಷದ ಆಸುಪಾಸಿನಷ್ಟು ಮಂದಿಗೆ, ಅಂದರೆ ಸಾವಿರಕ್ಕೆ ಆರು ಜನಕ್ಕೆ. ಉಳಿದ ಒಂಬೈನೂರ ತೊಂಬತ್ತನಾಲ್ಕು ಮಂದಿ ಇಂದಲ್ಲ ನಾಳೆ ಬಂದೇ ಬರುತ್ತಾರೆ ಎನ್ನುವುದು ಕಂಪನಿಯ ವಾದ. ದೇಶದಲ್ಲಿ ಮೊಬೈಲ್ ಮಾತು ಶುರುವಾಗಿ 30 ವರ್ಷ ತುಂಬಿದ ನೆನಪಿನ ಈ ಸಂಚಿಕೆಗೆ ಏರ್‌ಟೆಲ್‌ನ ಚರಿತ್ರೆ ಬರೆಯುವಾಗ ನಾನು ಆ ವಾದವನ್ನೇ ಹಿಡಿದು ಹೊರಟಿದ್ದೇನೆ. ಗ್ರಾಹಕರ ಮುಂದೆ ಕಂಪನಿ ಹಾಡು ಹಾಕುತ್ತದೆ, ಎ. ಆರ್. ರೆಹಮಾನ್ ಕಟ್ಟಿದ ಆ ರಾಗ ಬಂದದ್ದೂ 2002ರಲ್ಲೇ. ಷೇರುದಾರರ ಮುಂದೆ ಅದು ಲೆಕ್ಕ ಒಪ್ಪಿಸಬೇಕು. ಯಾವ ವರ್ಷ ಯಾವ ಅಂಕಿಯನ್ನು ಮುಂದಿಟ್ಟು ಬೆನ್ನು ತಟ್ಟಿಕೊಂಡಿತು, ಯಾವಾಗ ಅದನ್ನು ಹಿಂದೆ ಸರಿಸಿ ಇನ್ನೊಂದನ್ನು ತಂದಿತು ಎಂದು ನೋಡುತ್ತ ಹೋದರೆ, ಜಾಹೀರಾತಿನಲ್ಲಿ ಕಾಣದ ಚರಿತ್ರೆ ಕಾಣುತ್ತದೆ.

ಕಂಪನಿಯ ಬುಡ ಲುಧಿಯಾನದಲ್ಲಿದೆ. ರಾಜ್ಯಸಭಾ ಸದಸ್ಯರಾಗಿದ್ದ ಸತ್ ಪಾಲ್ ಮಿತ್ತಲ್ ಅವರ ಮಗ, ಭಾರ್ತಿಯ ಸ್ಥಾಪಕ ಸುನಿಲ್ 1976ರಲ್ಲಿ ಇಪ್ಪತ್ತು ಸಾವಿರ ರೂಪಾಯಿ ಸಾಲ ತಂದು ಸೈಕಲ್ ಬಿಡಿಭಾಗ ಮಾಡಲು ಕೂತರು. ಮುಂದೆ ಜಪಾನಿನ ಸುಜುಕಿ ಜನರೇಟರುಗಳನ್ನು ತರಿಸಿ ಮಾರಿದರು; 1983ರಲ್ಲಿ ಸರ್ಕಾರ ಆ ಆಮದನ್ನು ನಿಷೇಧಿಸಿದಾಗ ಒಂದೇ ದಿನಕ್ಕೆ ವ್ಯಾಪಾರ ಬಂದಾಯಿತು. ತೈವಾನಿನಲ್ಲಿ ಗುಂಡಿ ಒತ್ತುವ ಫೋನು ಕಂಡು ಅದನ್ನು ಇಲ್ಲಿಗೆ ತಂದರು. ಬೀಟೆಲ್ ಹೆಸರಿನ ಆ ಫೋನುಗಳು ನಮ್ಮ ಎಷ್ಟೋ ಮನೆಗಳ ಮೂಲೆಯಲ್ಲಿ ಕ್ರೋಷಾ ಹೊದಿಕೆ ಹೊದ್ದು ಕೂತಿದ್ದವು. 1992ರಲ್ಲಿ ಮಹಾನಗರಗಳ ಮೊಬೈಲ್ ಪರವಾನಗಿಗೆ ಟೆಂಡರು ಕರೆದಾಗ ಅನುಭವಸ್ಥ ಪಾಲುದಾರರು ಬೇಕೆಂಬ ಷರತ್ತಿತ್ತು. ಫ್ರಾನ್ಸಿನ ದೊಡ್ಡ ಕಂಪನಿಯ ಜೊತೆಗೆ ಪುಟ್ಟ ಮಾರಿಷಸ್‌ನ ಎಮ್‌ಟೆಲ್ ಕೂಡ ಭಾರ್ತಿಯ ಬೆನ್ನಿಗೆ ನಿಂತಿತು. ನ್ಯಾಯಾಲಯದ ಅಲೆದಾಟ ಮುಗಿದು ದೆಹಲಿಯಲ್ಲಿ ಏರ್‌ಟೆಲ್ ಶುರುವಾದದ್ದು 1995ರ ನವೆಂಬರಿನಲ್ಲಿ.

ಆಗ ನಿಮಿಷಕ್ಕೆ 16 ರೂಪಾಯಿವರೆಗೂ ದರ. ಬಂದ ಕರೆಗೂ ದುಡ್ಡು. ಅದಕ್ಕಿಂತ ಭಾರವಾಗಿದ್ದು ಸರ್ಕಾರಕ್ಕೆ ಕಟ್ಟಬೇಕಾದ ನಿಗದಿತ ಪರವಾನಗಿ ಶುಲ್ಕ. ರಾಜ್ಯಗಳ ಹರಾಜಿನಲ್ಲಿ ಬೇರೆಯವರು ಮೈಮೇಲೆ ಬಂದವರಂತೆ ಕೂಗಿದಾಗ ಭಾರ್ತಿ ಕೈ ಬಿಗಿಹಿಡಿದಿತ್ತು. ಮೊಬೈಲಿಗೆ ಅದಕ್ಕೆ ದಕ್ಕಿದ್ದು ಹಿಮಾಚಲ ಪ್ರದೇಶ ಮಾತ್ರ. ಕೂಗಿ ಗೆದ್ದವರು ಕೆಲವೇ ವರ್ಷಗಳಲ್ಲಿ ಏದುಸಿರು ಬಿಟ್ಟರು. 1999ರ ಹೊಸ ದೂರಸಂಪರ್ಕ ನೀತಿ ನಿಗದಿತ ಶುಲ್ಕವನ್ನು ತೆಗೆದು, ಗಳಿಸಿದ ವರಮಾನದಲ್ಲಿ ಸರ್ಕಾರಕ್ಕೆ ಪಾಲು ಎಂಬ ಪದ್ಧತಿ ತಂದಿತು. ಇಡೀ ಉದ್ಯಮ ನಿಟ್ಟುಸಿರು ಬಿಟ್ಟಿತು. ‘ವರಮಾನ’ ಎಂದರೆ ಏನೇನು ಸೇರಿದ್ದು ಎಂಬ ಪ್ರಶ್ನೆ ಆಗ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಕೆಡಿಸಿತು.

ಕರ್ನಾಟಕಕ್ಕೆ ಭಾರ್ತಿ ಬಂದದ್ದು ಈ ಸಂದಿಯಲ್ಲಿ. ಇಲ್ಲಿ ಮೊದಲಿಗೆ ಇದ್ದವರು ಇಬ್ಬರು: ಸ್ಪೈಸ್ ಮತ್ತು ಜೆಟಿ ಮೊಬೈಲ್ಸ್. ಕರ್ನಾಟಕ ಮತ್ತು ಆಂಧ್ರದ ಪರವಾನಗಿ ಹೊಂದಿದ್ದ ಜೆಟಿ ಮೊಬೈಲ್ಸ್ ಅನ್ನು ಭಾರ್ತಿ 1999ರಲ್ಲಿ ಕೊಂಡಿತು. ಮರುವರ್ಷ ಚೆನ್ನೈನ ಸ್ಕೈಸೆಲ್, 2001ರಲ್ಲಿ ಕೋಲ್ಕತ್ತದ ಸ್ಪೈಸ್. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಂಪರ್ಕ ಸಚಿವ ಸುಖ್‌ರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ್ದು ಮೋದಿ ಟೆಲ್‌ಸ್ಟ್ರಾ ಜಾಲದಲ್ಲಿ; ಆ ಜಾಲವೇ ಹೀಗೆ ಕೈ ಬದಲಿಸಿ ಭಾರ್ತಿಯ ಹಟ್ಟಿ ಸೇರಿತು. 2001ರ ನಾಲ್ಕನೇ ಪರವಾನಗಿ ಹರಾಜಿನಲ್ಲಿ ಇನ್ನೂ ಎಂಟು ವಲಯಗಳು ದಕ್ಕಿದವು. 45 ರೂಪಾಯಿಯ ಷೇರಿನ ಹಣ ಬೇಕಾಗಿದ್ದುದು ಆ ವಲಯಗಳಲ್ಲಿ ಟವರು ಎಬ್ಬಿಸಲು.

ಕರ್ನಾಟಕದಲ್ಲಿ ಉಳಿದ ಸ್ಪೈಸ್‌ನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಅರ್ಥ ಇನ್ನೂ ತಿಳಿಯಾಗುತ್ತದೆ. ಪಂಜಾಬ್ ಮತ್ತು ಕರ್ನಾಟಕ ಎರಡೇ ವಲಯದಲ್ಲಿದ್ದ ಸ್ಪೈಸ್ ಕಮ್ಯುನಿಕೇಷನ್ಸ್ 2007ರಲ್ಲಿ 46 ರೂಪಾಯಿಗೆ ಷೇರು ಮಾರಿತು. ಒಂದು ವರ್ಷ ತುಂಬುವ ಹೊತ್ತಿಗೆ ಅದರ ಒಡೆಯರಾದ ಮೋದಿ ಕುಟುಂಬ ತನ್ನ ಪಾಲನ್ನು ತಲಾ 77.30 ರೂಪಾಯಿಗೆ ಐಡಿಯಾಗೆ ಮಾರಿ ಹೊರನಡೆಯಿತು. ಷೇರುದಾರನಿಗೆ ನಷ್ಟವೇನೂ ಆಗಲಿಲ್ಲ. ಆದರೆ ಎರಡು ರಾಜ್ಯದ ಕಂಪನಿ ದೇಶದ ಆಟದಲ್ಲಿ ಉಳಿಯದು ಎಂಬುದು ಅಲ್ಲಿಗೆ ಖಚಿತವಾಯಿತು. ಆಟಗಾರರ ಸಂಖ್ಯೆ ಕಡಿಮೆಯಾಗುವುದು ಈ ಉದ್ಯಮದ ಜಾತಕದಲ್ಲೇ ಇತ್ತು ಎಂದು ಈಗ ಹೇಳುವುದು ಸುಲಭ.

ಎಣಿಕೆಯ ಮಾತು ನಿಜವಾಗಬೇಕಾದರೆ ಬಡವನ ಕೈಗೂ ಫೋನು ಬರಬೇಕು. ಬಡವನ ಕೈಗೆ ಬರಬೇಕಾದರೆ ನಿಮಿಷದ ದರ ಪೈಸೆಗೆ ಇಳಿಯಬೇಕು. ಆಗಲೂ ಲಾಭ ಉಳಿಯಬೇಕು. ಈ ಗಂಟನ್ನು ಬಿಡಿಸಿದ್ದು 2004ರ ಒಂದು ತೀರ್ಮಾನ. ಏರ್‌ಟೆಲ್‌ನ ನಿಜವಾದ ಸ್ವಂತ ಕೊಡುಗೆ ಇದೇ ಎಂದು ನನ್ನ ಎಣಿಕೆ. ಆವರೆಗೆ ಮೊಬೈಲ್ ಕಂಪನಿಗಳು ಎರಿಕ್ಸನ್, ನೋಕಿಯಾದಂಥವರಿಂದ ಪೆಟ್ಟಿಗೆಗಟ್ಟಲೆ ಯಂತ್ರ ಕೊಂಡು ಜಾಲ ಕಟ್ಟುತ್ತಿದ್ದವು. ಮಾರುವವನಿಗೆ ಹೆಚ್ಚು ಪೆಟ್ಟಿಗೆ ಮಾರುವ ಆಸೆ, ಕೊಳ್ಳುವವನಿಗೆ ಅವು ಖಾಲಿ ಕೂತರೆ ಎಂಬ ದಿಗಿಲು. ಅಖಿಲ್ ಗುಪ್ತಾ ಹಣಕಾಸು ನೋಡಿಕೊಳ್ಳುತ್ತಿದ್ದ ಭಾರ್ತಿ ಈ ಲೆಕ್ಕವನ್ನೇ ತಿರುವಿಹಾಕಿತು. ಜಾಲವನ್ನು ಮಾರಾಟಗಾರನೇ ನಿಲ್ಲಿಸಲಿ, ಅವನೇ ನಡೆಸಲಿ. ಅದರ ಮೇಲೆ ಮಾತು ಹರಿದಷ್ಟು ಸಾಮರ್ಥ್ಯಕ್ಕೆ ಮಾತ್ರ ದುಡ್ಡು. ಕಂಪ್ಯೂಟರ್ ವ್ಯವಸ್ಥೆ ಪೂರ್ತಿ ಹತ್ತು ವರ್ಷಕ್ಕೆ ಐಬಿಎಂ ಕೈಗೆ ಹೋಯಿತು. ಒಪ್ಪಂದದ ಅಂದಾಜು ಮೌಲ್ಯ 75 ಕೋಟಿ ಡಾಲರ್. 2007ರಲ್ಲಿ ವೊಡಾಫೋನ್ ಮತ್ತು ಐಡಿಯಾ ಜೊತೆ ಸೇರಿ ಇಂಡಸ್ ಟವರ್ಸ್ ಕಟ್ಟಿದ ಮೇಲೆ ಟವರುಗಳೂ ಹಂಚಿಕೆಯಾದವು. ಪೇಟೆಯಲ್ಲಿ ಕತ್ತಿ ಹಿರಿದು ನಿಂತ ಮೂವರು ಊರಾಚೆಯ ಗುಡ್ಡದ ಮೇಲೆ ಒಂದೇ ಕಂಬಕ್ಕೆ ತಂತಮ್ಮ ಆಂಟೆನಾ ಕಟ್ಟಿಕೊಂಡರು.

ದೂರಸಂಪರ್ಕ ಕಂಪನಿಯ ಬಳಿ ಜಾಲವೇ ಇಲ್ಲದ ಮೇಲೆ ಉಳಿಯುವುದೇನು? ಗ್ರಾಹಕ, ಹೆಸರು, ತರಂಗಾಂತರ, ಸರ್ಕಾರದ ಜೊತೆಗಿನ ವ್ಯವಹಾರ. ಭಾರ್ತಿ ಇದನ್ನು ನಿಮಿಷಗಳ ಕಾರ್ಖಾನೆ ಎಂದು ಕರೆಯಿತು. ಪ್ರತಿ ನಿಮಿಷ ತಯಾರಿಸುವ ಖರ್ಚು ಇಳಿಸು, ನಿಮಿಷಗಳನ್ನು ಹೆಚ್ಚಿಸು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಗಿತ್ತು. ರಿಲಯನ್ಸ್ ಇನ್ಫೋಕಾಂ ದರ ಸಮರ ಶುರುಮಾಡಿತ್ತು. ಹತ್ತು ರೂಪಾಯಿಯ ಪುಟ್ಟ ರೀಚಾರ್ಜು ಬೀಡಿ ಅಂಗಡಿಗೂ ಬಂತು. ನಮ್ಮ ಹಳ್ಳಿಗಳಲ್ಲಿ ‘ಕರೆನ್ಸಿ ಹಾಕಿಸು’ ಎಂಬ ಮಾತು ದಿನಬಳಕೆಯಾಯಿತು. ಕರೆನ್ಸಿ ಮುಗಿದವರು ಮಿಸ್‌ಕಾಲ್ ಕೊಟ್ಟು ಕಾದರು. ಸಾವಿರಕ್ಕೆ ಒಂದೇ ರೂಪಾಯಿ ಕಡಿಮೆ ಕೊಟ್ಟರೆ ಸಿಮ್ಮಿಗೆ ಆಯುಷ್ಯಪೂರ್ತಿ ಬಾಳಿಕೆ ಎಂಬ ಲೈಫ್‌ಟೈಮ್ ಯೋಜನೆಯೂ ಬಂತು. ಒಂದು ಪೈಸೆ ಖರ್ಚು ಮಾಡದೆ ಬರೀ ಕರೆ ಸ್ವೀಕರಿಸುವವನೂ ಆಗ ಕಂಪನಿಗೆ ಬೇಕಾದವನೇ, ಏಕೆಂದರೆ ಎಣಿಕೆಯಲ್ಲಿ ಅವನೂ ಒಂದು ತಲೆ. ಅಲ್ಲದೆ ಅವನಿಗೆ ಕರೆ ಮಾಡಿದ ಇನ್ನೊಂದು ಕಂಪನಿ ಏರ್‌ಟೆಲ್‌ಗೆ ಸಂಪರ್ಕ ಶುಲ್ಕ ಕೊಡಬೇಕಿತ್ತು. 2006ರಲ್ಲಿ ಕಂಪನಿ ಭಾರ್ತಿ ಏರ್‌ಟೆಲ್ ಎಂದು ಹೆಸರು ಬದಲಿಸಿಕೊಂಡಿತು. 2009ರ ಮೇ ತಿಂಗಳಲ್ಲಿ ಗ್ರಾಹಕರು ಹತ್ತು ಕೋಟಿ ಮುಟ್ಟಿದರು. ಷೇರುದಾರರಿಗೆ ಮೊದಲ ಲಾಭಾಂಶ ಸಿಕ್ಕಿದ್ದೂ ಅದೇ ವರ್ಷ, ಷೇರಿಗೆ 2 ರೂಪಾಯಿ. ಜೊತೆಗೆ 10 ರೂಪಾಯಿ ಮುಖಬೆಲೆಯ ಷೇರು ಒಡೆದು 5 ರೂಪಾಯಿಯ ಎರಡಾಯಿತು.

ಆ ಹೊತ್ತಿಗೆ ದೇಶದಲ್ಲಿ ಹನ್ನೆರಡು ಹದಿಮೂರು ಕಂಪನಿಗಳು ಒಂದೇ ಬಾವಿಗೆ ಬಿಂದಿಗೆ ಇಳಿಸಿದ್ದವು. ಟಾಟಾ ಡೊಕೊಮೊ ಸೆಕೆಂಡಿಗೊಂದು ಪೈಸೆ ಎಂದಾಗ ಎಲ್ಲರೂ ಅದೇ ದಾರಿ ಹಿಡಿಯಬೇಕಾಯಿತು. ಬೆಳವಣಿಗೆಯ ಮಾತನ್ನು ಮುಂದುವರಿಸಲು ಹೊಸ ನೆಲ ಬೇಕಿತ್ತು. ದಕ್ಷಿಣ ಆಫ್ರಿಕಾದ ಎಂಟಿಎನ್ ಜೊತೆ ಎರಡು ಸಲ ಮಾತುಕತೆ ನಡೆದು ಎರಡೂ ಸಲ ಮುರಿಯಿತು. 2010ರ ಜೂನ್‌ನಲ್ಲಿ ಕುವೈತಿನ ಝೈನ್ ಕಂಪನಿಯ ಆಫ್ರಿಕಾ ವ್ಯವಹಾರವನ್ನು ಭಾರ್ತಿ 10.7 ಶತಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಹದಿನೈದು ದೇಶ, ನಾಲ್ಕು ಕೋಟಿ ದಾಟಿದ ಗ್ರಾಹಕರು. ಷೇರುದಾರರಿಗೆ ಕೊಟ್ಟ ಗುರಿ ಸ್ಪಷ್ಟವಾಗಿತ್ತು: 2013ರ ಹೊತ್ತಿಗೆ ಆಫ್ರಿಕಾದಲ್ಲಿ ಹತ್ತು ಕೋಟಿ ಗ್ರಾಹಕರು, ವರ್ಷಕ್ಕೆ 5 ಶತಕೋಟಿ ಡಾಲರ್ ವರಮಾನ.

ಈ ಗುರಿಯ ಗತಿ ಏನಾಯಿತೆಂಬುದು ಸಂಸ್ಥೆಯ ಚರಿತ್ರೆಯಲ್ಲೇ ಅತ್ಯಂತ ಪಾಠವಿರುವ ಅಧ್ಯಾಯ. ಇಲ್ಲಿಯ ಕಾರ್ಖಾನೆಯನ್ನೇ ಅಲ್ಲಿಗೂ ಸಾಗಿಸಲಾಯಿತು: ಜಾಲ ಹೊರಗಿನವರಿಗೆ, ಕಂಪ್ಯೂಟರ್ ಐಬಿಎಂಗೆ, ದರ ಇಳಿಕೆ, ನಿಮಿಷ ಏರಿಕೆ. ಆದರೆ ದರ ಇಳಿದಷ್ಟು ವೇಗವಾಗಿ ಮಾತು ಏರಲಿಲ್ಲ. ಒಂದೊಂದು ದೇಶಕ್ಕೂ ಒಬ್ಬ ನಿಯಂತ್ರಕ, ಒಂದು ನಾಣ್ಯ, ಒಂದು ತೆರಿಗೆ. ವಿದ್ಯುತ್ ಇಲ್ಲದ ಕಡೆ ಟವರಿಗೆ ಡೀಸೆಲ್ ಹೊತ್ತೊಯ್ಯಬೇಕು. ವರಮಾನ ಅಲ್ಲಿನ ನಾಣ್ಯದಲ್ಲಿ, ಸಾಲ ಡಾಲರಿನಲ್ಲಿ. 2013ರ ಮಾರ್ಚ್‌ಗೆ ಗ್ರಾಹಕರು ಆರು ಕೋಟಿ ಚಿಲ್ಲರೆ. ಸಿಯೆರಾ ಲಿಯೋನ್, ಬುರ್ಕಿನಾ ಫಾಸೊ ವ್ಯವಹಾರಗಳನ್ನು 2016ರಲ್ಲಿ ಆರೆಂಜ್ ಕಂಪನಿಗೆ ಮಾರಬೇಕಾಯಿತು. 2019ರಲ್ಲಿ ಏರ್‌ಟೆಲ್ ಆಫ್ರಿಕಾ ಲಂಡನ್ ಷೇರುಪೇಟೆಗೆ ಹೋಯಿತು, ಷೇರಿಗೆ 80 ಪೆನ್ಸ್‌ನಂತೆ. ಹತ್ತು ಕೋಟಿ ಗ್ರಾಹಕರ ಗುರಿ ಮುಟ್ಟಿದ್ದು ಆ ವರ್ಷವೇ; 5 ಶತಕೋಟಿ ಡಾಲರ್ ವರಮಾನ ದಾಟಿದ್ದು 2023ರ ಮಾರ್ಚಿಗೆ ಮುಗಿದ ವರ್ಷದಲ್ಲಿ, ಹತ್ತು ವರ್ಷ ತಡವಾಗಿ. ಮರುವರ್ಷ ನೈಜೀರಿಯಾದ ನಾಯಿರಾ ಕುಸಿದು ಅದೇ ಅಂಕಿ ಮತ್ತೆ 5ಕ್ಕಿಂತ ತುಸು ಕೆಳಗೆ ಬಂತು. ಹಾಗೆಂದು ಇದನ್ನು ಸೋಲೆಂದು ಬರೆದುಬಿಡುವುದು ತಪ್ಪು. ಆಫ್ರಿಕಾದ ಮೊಬೈಲ್ ಹಣದ ಸೇವೆ ಇಂದು ಲಾಭದ ಹಸು. ಗುರಿ ಸರಿಯಿತ್ತು, ಇಸವಿ ತಪ್ಪಿತು. ಆದರೆ ಷೇರುದಾರ ಹಣ ಕೊಟ್ಟಿದ್ದು ಇಸವಿಯನ್ನೂ ನಂಬಿ.

ಇತ್ತ ದೇಶದಲ್ಲಿ ಮಾತಿನ ಕಾಲ ಮುಗಿದು ಡೇಟಾ ಕಾಲ ಬರುತ್ತಿತ್ತು. 2010ರ 3ಜಿ ಹರಾಜಿನಲ್ಲಿ ಕರ್ನಾಟಕವೂ ಸೇರಿ ಹದಿಮೂರು ವಲಯಗಳಿಗೆ ಕಂಪನಿ 12,295 ಕೋಟಿ ರೂಪಾಯಿ ಸುರಿದಿತ್ತು. 4ಜಿಯನ್ನು ದೇಶದಲ್ಲಿ ಮೊದಲು ತಂದದ್ದೂ ಏರ್‌ಟೆಲ್ಲೇ: 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತ, ಮೇ ತಿಂಗಳಲ್ಲಿ ಬೆಂಗಳೂರು. ಆದರೂ ಡೇಟಾದ ಕಾಲವನ್ನು ಬೇರೊಬ್ಬರು ತಮ್ಮ ಹೆಸರಿಗೆ ಬರೆಸಿಕೊಂಡರು, ಅದೂ ಷೇರುದಾರರ ಸಭೆಯಲ್ಲೇ. 2016ರ ಸೆಪ್ಟೆಂಬರ್ 1ರಂದು ರಿಲಯನ್ಸ್ ಇಂಡಸ್ಟ್ರೀಸ್‌ನ ವಾರ್ಷಿಕ ಮಹಾಸಭೆಯಲ್ಲಿ ಮುಕೇಶ್ ಅಂಬಾನಿ ತಮ್ಮ ಹೊಸ ಮೊಬೈಲ್ ಸೇವೆ ಜಿಯೋದ ದರಗಳನ್ನು ಪ್ರಕಟಿಸಿದರು. ಕರೆಗೆ ದುಡ್ಡೇ ಇಲ್ಲ ಎಂದರು. ಭಾಷಣ ನಡೆಯುತ್ತಿದ್ದಂತೆಯೇ ಏರ್‌ಟೆಲ್ ಷೇರು ಇಳಿಯತೊಡಗಿ, ದಿನದ ಕೊನೆಗೆ ಶೇ 6ಕ್ಕಿಂತ ಹೆಚ್ಚು ಕಳೆದುಕೊಂಡಿತು. ನಿಮಿಷಗಳ ಕಾರ್ಖಾನೆಯ ಸರಕಿಗೆ ಬೆಲೆಯೇ ಇಲ್ಲವಾದ ದಿನ ಅದು. ಮುಂದಿನ ಎರಡು ಮೂರು ವರ್ಷಗಳಲ್ಲಿ ಟೆಲಿನಾರ್, ಟಾಟಾದ ಮೊಬೈಲ್ ವ್ಯವಹಾರಗಳು ಏರ್‌ಟೆಲ್ ಪಾಲಾದವು; ಏರ್‌ಸೆಲ್, ಅನಿಲ್ ಅಂಬಾನಿಯವರ ಆರ್‌ಕಾಂ ದಿವಾಳಿ ಎದ್ದವು; ವೊಡಾಫೋನ್ ಮತ್ತು ಐಡಿಯಾ ಒಂದಾದವು.

2018ರ ಕೊನೆಗೆ ಏರ್‌ಟೆಲ್ ತನ್ನ ಹದಿನಾರು ವರ್ಷದ ಮಾತನ್ನು ಸದ್ದಿಲ್ಲದೆ ತಿರುಗಿಸಿತು. ಸಿಮ್ಮು ಜೀವಂತ ಇರಬೇಕಾದರೆ 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕಲೇಬೇಕು ಎಂಬ ನಿಯಮ ಬಂತು. ಹಾಕದಿದ್ದರೆ ಮೊದಲು ಹೊರಹೋಗುವ ಕರೆ ಬಂದ್, ಕೆಲದಿನ ಕಳೆದು ಒಳಬರುವುದೂ ಬಂದ್. ಖಾತೆಯಲ್ಲಿ ಹಣವಿದ್ದವರ ಸಂಪರ್ಕವನ್ನು ಕೂಡಲೇ ಕಡಿಯಬೇಡಿ ಎಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಆ ನವೆಂಬರಿನಲ್ಲಿ ಕಂಪನಿಗಳಿಗೆ ಹೇಳಬೇಕಾಯಿತು. ಲೈಫ್‌ಟೈಮ್ ಸಿಮ್ಮಿನವರು ಅಂಗಡಿಗಳ ಮುಂದೆ ಜಗಳಕ್ಕೆ ನಿಂತರು. ಮೂರೇ ತಿಂಗಳಲ್ಲಿ ಭಾರತದ ಗ್ರಾಹಕರ ಸಂಖ್ಯೆ ಸುಮಾರು 33 ಕೋಟಿಯಿಂದ 28 ಕೋಟಿಗೆ ಬಿತ್ತು. ಐದು ಕೋಟಿ ತಲೆಗಳು ಒಂದೇ ತ್ರೈಮಾಸಿಕದಲ್ಲಿ ಮಾಯ. ಹಿಂದೆ ಇಂಥ ಅಂಕಿ ಹೊರಬಂದಿದ್ದರೆ ಷೇರುಪೇಟೆಯಲ್ಲಿ ಕೋಲಾಹಲವಾಗುತ್ತಿತ್ತು. ಈ ಸಲ ಅದನ್ನು ಕಂಪನಿ ಆರೋಗ್ಯದ ಲಕ್ಷಣವೆಂದೇ ವಿವರಿಸಿತು, ಏಕೆಂದರೆ ಉಳಿದವರ ತಲೆವಾರು ತಿಂಗಳ ವರಮಾನ 101 ರೂಪಾಯಿಯಿಂದ ಮೇಲಕ್ಕೆ ಹೊರಟಿತ್ತು. ಉದ್ಯಮದವರು ‘ಆರ್ಪು’ ಎಂದು ಕರೆಯುವ ಆ ಅಂಕಿ ಅಂದಿನಿಂದ ವರದಿಯ ಮೊದಲ ಸಾಲಿಗೆ ಬಂತು. ತ್ರೈಮಾಸಿಕ ಫಲಿತಾಂಶದ ಮಾತುಕತೆಗಳಲ್ಲಿ ಆಗಿನ ಮುಖ್ಯಸ್ಥ ಗೋಪಾಲ್ ವಿಟ್ಟಲ್ ಪಟ್ಟು ಬಿಡದೆ ಹೇಳುತ್ತ ಬಂದದ್ದು ಒಂದೇ: ಮೊದಲು 200, ಆಮೇಲೆ 300. ಮಿಸ್‌ಕಾಲ್ ಕೊಟ್ಟು ಕಾಯುತ್ತಿದ್ದವನನ್ನು ಕರೆದು ಕೂರಿಸಿದ ಕಂಪನಿಯೇ ಅವನಿಗೆ ಎದ್ದುಹೋಗಲು ಹೇಳಿದ್ದು ಹೀಗೆ. ಜಿಯೋ ಹೊಡೆತಕ್ಕೆ ಇದಲ್ಲದೆ ಬೇರೆ ದಾರಿ ಇರಲಿಲ್ಲ ಎನ್ನುವುದು ಕಂಪನಿಯ ವಾದ. ಅದರಲ್ಲಿ ಸತ್ಯವೂ ಇದೆ. 2019ರ ಏಪ್ರಿಲ್‌–ಜೂನ್‌ನಲ್ಲಿ ಏರ್‌ಟೆಲ್ 2,866 ಕೋಟಿ ರೂಪಾಯಿ ನಷ್ಟ ತೋರಿಸಿತ್ತು.

ಅದರ ಬೆನ್ನಿಗೇ 1999ರ ಪ್ರಶ್ನೆ ಎದ್ದು ಬಂತು. ಸರ್ಕಾರಕ್ಕೆ ಪಾಲು ಕೊಡಬೇಕಾದ ವರಮಾನದಲ್ಲಿ ಬಾಡಿಗೆ, ಬಡ್ಡಿ, ಲಾಭಾಂಶಗಳೂ ಸೇರುತ್ತವೆ ಎಂದು 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಸಲಿನ ಮೇಲೆ ಬಡ್ಡಿ, ದಂಡ, ದಂಡದ ಮೇಲೆ ಬಡ್ಡಿ ಸೇರಿ ದೂರಸಂಪರ್ಕ ಇಲಾಖೆಯ ಲೆಕ್ಕದಲ್ಲಿ ಏರ್‌ಟೆಲ್ ತೆರಬೇಕಾದದ್ದು 43,980 ಕೋಟಿ. ಆ ತ್ರೈಮಾಸಿಕದ ನಷ್ಟ 23,045 ಕೋಟಿ. ನಂತರ ನ್ಯಾಯಾಲಯ ಹತ್ತು ವರ್ಷದ ಕಂತು ಕೊಟ್ಟಿತು. ಈ ವರ್ಷಗಳಲ್ಲಿ ಹೊಸ ಷೇರು ಕೊಟ್ಟು ಹಣ ಎತ್ತಲು ಹಳೆಯ ಷೇರುದಾರರ ಬಳಿಗೆ ಕಂಪನಿ ಎರಡು ಸಲ ಹೋಯಿತು: 2019ರ ಮೇ ತಿಂಗಳಲ್ಲಿ 25,000 ಕೋಟಿಗೆ, ಷೇರು 220 ರೂಪಾಯಿಯಂತೆ, 2021ರ ಅಕ್ಟೋಬರ್‌ನಲ್ಲಿ 21,000 ಕೋಟಿಗೆ, 535ರಂತೆ. ಮೊದಲ ಸಲ ಸಾರ್ವಜನಿಕರಿಂದ ಎತ್ತಿದ್ದು 834 ಕೋಟಿ ಎಂಬುದನ್ನು ನೆನೆದರೆ ಈ ಉದ್ಯಮದ ಹಸಿವು ಅರಿವಾಗುತ್ತದೆ. 2022ರ 5ಜಿ ಹರಾಜಿಗೇ ಮತ್ತೆ 43,084 ಕೋಟಿ ಬೇಕಾಯಿತು. ಆ ಅಕ್ಟೋಬರ್ 1ರಂದು 5ಜಿ ಬಂದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು.

ತಲೆವಾರು ಲೆಕ್ಕ ಮಾತ್ರ ಹೇಳಿದಂತೆಯೇ ನಡೆದಿದೆ. ಆರ್ಪು 2024ರ ಮಾರ್ಚ್‌ಗೆ 209, 2025ರ ಸೆಪ್ಟೆಂಬರ್‌ಗೆ 256. 2024–25ರಲ್ಲಿ ಇಡೀ ಸಮೂಹದ ವರಮಾನ 1,72,985 ಕೋಟಿ, ನಿವ್ವಳ ಲಾಭ 33,556 ಕೋಟಿ, ಷೇರಿಗೆ 16 ರೂಪಾಯಿ ಲಾಭಾಂಶ. 2002ರಲ್ಲಿ 45 ರೂಪಾಯಿ ಕೊಟ್ಟು ಒಂದು ಷೇರು ಕೊಂಡು ಮನೆಯವರ ಮಾತಿಗೆ ಕಿವುಡಾಗಿ ಕೂತವನ ಬಳಿ ಈಗ ಎರಡಿವೆ. ಆ ಒಂದೇ ವರ್ಷದ ಲಾಭಾಂಶವೇ ಅವನಿಗೆ 32 ರೂಪಾಯಿ.

ಇನ್ನೊಂದು ಬದಿಯ ಅಂಕಿಯೂ ಇದೆ. 35ರಲ್ಲಿ ಶುರುವಾದ ಕನಿಷ್ಠ ರೀಚಾರ್ಜು 79, 99, 155 ಆಗಿ 2024ರ ಜುಲೈನಲ್ಲಿ 199ಕ್ಕೆ ಬಂತು. 28 ದಿನಕ್ಕೊಮ್ಮೆ ಹಾಕಿಸಿದರೆ ವರ್ಷಕ್ಕೆ ಹದಿಮೂರು ಸಲ, 2,587 ರೂಪಾಯಿ. ಗುಂಡಿ ಫೋನಿನವನಿಗೆ ಬೇಡದ ಡೇಟಾವನ್ನೂ ಸೇರಿಸಿ ಯಾಕೆ ಮಾರುತ್ತೀರಿ ಎಂಬ ದೂರುಗಳ ಬಳಿಕ, ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಯೋಜನೆ ಇಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಮರುತಿಂಗಳು ಏರ್‌ಟೆಲ್ ಅಂಥದ್ದನ್ನು ತಂದಿತು: 84 ದಿನಕ್ಕೆ 469, ವರ್ಷಕ್ಕೆ 1,849 ರೂಪಾಯಿ. ಮೊದಲು ಇಟ್ಟ ದರ ಇದಕ್ಕಿಂತ ಹೆಚ್ಚಿತ್ತು. ಕೆಲವೇ ದಿನಗಳಲ್ಲಿ ಇಳಿಸಿತು.